ಮೂರು ಮಡಿಕೆಯ ಲಂಗ

ಹೊಸ ಬಟ್ಟೆಯ ಗಂಜಿವಾಸನೆ ಮೂಗಿಗೆ ಬಡಿದರೆ ಸಾಕು, ನಾನು ಈಗಲೂ ಮಸ್ಕಿಯ ನಮ್ಮ ಪಡಸಾಲೆಯಲ್ಲಿ ಕೈ ಮೇಲೆತ್ತಿಕೊಂಡು ನಿಂತುಬಿಡುತ್ತೇನೆ.

ಕಾಲುವೆ ನೀರು ಬಂದು ನಮ್ಮ ಹೊಲದಲ್ಲಿ ಮೊದಲ ಸಲ ಭತ್ತ ಬೆಳೆದ ವರ್ಷ ಅದು. ಅಪ್ಪ ಸಂತೆಯಿಂದ ಒಂದಿಡೀ ಥಾನು ನೀಲಿ ಬಟ್ಟೆ ಹೆಗಲ ಮೇಲೆ ಹೊತ್ತು ತಂದ. ಬಿಡಿಯಾಗಿ ಕೊಂಡರೆ ತುಟ್ಟಿ ಎಂಬುದು ಅವನ ವಾದ. ಹಾಗಾಗಿ ಮನೆಮಂದಿಗೆಲ್ಲ ಅದೇ ಬಟ್ಟೆ: ಅವನಿಗೆ ಅಂಗಿ, ತಮ್ಮನಿಗೆ ಚಡ್ಡಿ, ನನಗೆ ಲಂಗ, ಅಜ್ಜಿಗೆ ಎಲೆಅಡಿಕೆಯ ಚಂಚಿ. ಬಸ್ ಡ್ರೈವರ್ ಆಗಲು ಹೊರಟಿದ್ದ ತಮ್ಮ, ಖಾಕಿಯೇ ಬೇಕೆಂದು ನೆಲಕ್ಕೆ ಬಿದ್ದು ಹೊರಳಿದ.

"ಮೊದ್ಲ ನಿನ್ನ ಕೈಗೆ ಬಸ್ ಬರಲಿ ತಡಿಯಲೇ, ಆಮ್ಯಾಲೆ ಖಾಕಿ ತಂದ್ರಾತು" ಎಂದ ಅಪ್ಪ.

ನನಗೆ ಡಾಕ್ಟರ್ ಆಗುವ ಆಸೆ. ಆದರೆ ಏಳನೇ ತರಗತಿ ಮುಗಿದು ತಿಂಗಳಾದರೂ ಮುಂದೆ ಓದಿಸುವ ಮಾತನ್ನು ಯಾರೂ ಎತ್ತಿರಲಿಲ್ಲ. ಹೈಸ್ಕೂಲಿನ ಹುಡುಗಿಯರ ಲಂಗವೂ ಇದೇ ನೀಲಿ ಎಂದು ಗೊತ್ತಿತ್ತು. ಕೇಳಲು ಬಾಯಿ ಬರಲಿಲ್ಲ.

ಮನೆಗೆ ಬಂದ ಸಿಂಪಿಗ ಕಾಕಾ ನನ್ನ ನಡುವಿಗೆ ಟೇಪು ಸುತ್ತಿದ. "ಕೆಳಗ ಎಷ್ಟು ಮಡಿಕಿ ಬಿಡ್ಲಿರಿ?" ಎಂದು ಅಪ್ಪನನ್ನು ಕೇಳಿದ. ಬೆಳೆಯುವ ಹುಡುಗಿಯರ ಲಂಗದ ಅಂಚಿಗೆ ಮಡಿಕೆ ಹಾಕಿ ಹೊಲಿಸಿ, ವರ್ಷಕ್ಕೊಂದು ಬಿಚ್ಚುವುದು ನಮ್ಮಲ್ಲಿ ರೂಢಿ.

"ಒಂದು ಸಾಕು ಬಿಡಪಾ. ಬರೋ ವರ್ಷ ಸೀರಿ ಉಡ್ತಾಳ" ಎಂದಳು ಅಜ್ಜಿ.

ಅಪ್ಪ ನನ್ನ ಕಡೆ ನೋಡಲಿಲ್ಲ. ಥಾನು ಬಿಚ್ಚುತ್ತಲೇ, "ಮೂರು ಬಿಡು. ಹತ್ತನೇತ್ತ ಮುಗಿಯೋತನಕ ಬರಬೇಕು" ಎಂದ.

ಅಜ್ಜಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದಳು. ಕಾಕಾ ಟೇಪು ಸುತ್ತಿ ಕೊರಳಿಗೆ ಹಾಕಿಕೊಂಡ.

"ಅಳತಿ ಮುಗೀತವಾ," ಎಂದ, "ಇನ್ನ ಕೈ ಇಳಸು."