ಉಸಿರಿನ ಜಾಗ

“ನಿಲ್ಸು, ಅಲ್ಲೇ ತಪ್ಪು,” ಎಂದಳು ಅಕ್ಕ ಫೋನಿನಲ್ಲಿ. ಇಬ್ಬರೂ ಜೊತೆಯಾಗಿ ಕೊಳಲಿನಲ್ಲಿ ನುಡಿಸುತ್ತಿದ್ದ ರಚನೆಯನ್ನು ತಂಗಿ ಸ್ವರಕ್ಕೊಂದು ಅಕ್ಷರ, ಅದರ ಉದ್ದಕ್ಕೊಂದು ಅಂಕಿಯಂತೆ ಕಂಪ್ಯೂಟರಿನಲ್ಲಿ ಟೈಪು ಮಾಡಿ, ಅದರಿಂದಲೇ ನುಡಿಸಿ ಕೇಳಿಸುತ್ತಿದ್ದಳು. ಶ್ವಾಸಕೋಶದ ಆಪರೇಷನ್ ಆದಮೇಲೆ ಅಕ್ಕ ಕೊಳಲು ಮುಟ್ಟಿರಲಿಲ್ಲ. ಅವಳು ನುಡಿಸುತ್ತಿದ್ದ ಸಾಲನ್ನು ಈಗ ಯಂತ್ರವೇ ನುಡಿಸುತ್ತಿತ್ತು.

“ಸ್ವರ ಎಲ್ಲಾ ಸರಿಯಾಗೇ ಇದೆಯಲ್ಲಕ್ಕಾ?”

“ಸ್ವರ ಸರಿ ಕಣೇ. ಆದ್ರೆ ಆ ಉದ್ದದ ಸ್ವರ ಆದ್ಮೇಲೆ ನಾನು ಉಸಿರು ತಗೋತಿದ್ದೆ. ನಿನ್ನ ಕಂಪ್ಯೂಟರ್‌ಗೇನು, ಅದಕ್ಕೆ ಉಸಿರೇ ಬೇಡ!” ಅಕ್ಕ ನಕ್ಕಳು. ನಗು ಕೆಮ್ಮಿಗೆ ತಿರುಗಿತು.

ಕೆಮ್ಮು ನಿಲ್ಲುವವರೆಗೆ ತಂಗಿ ಪರದೆಯ ಮುಂದೆ ಒಬ್ಬಳೇ ಕಾದಳು. ನಡುವೆ ಸುಮ್ಮನೆ ವಿರಾಮ ತುರುಕಿದರೆ ಮುಂದಿನದೆಲ್ಲ ತಾಳದಲ್ಲಿ ಒಂದು ಮಾತ್ರೆಯ ಕಾಲ ಹಿಂದೆ ಬೀಳುತ್ತಿತ್ತು. ಹಾಗಾಗಿ ನಾಲ್ಕು ಮಾತ್ರೆಯ ಸ್ವರವನ್ನು ಮೂರಕ್ಕೆ ಇಳಿಸಿ, ಉಳಿದ ಒಂದಕ್ಕೆ ವಿರಾಮದ ಅಕ್ಷರ ಒತ್ತಿದಳು. “ಈಗ ಕೇಳು.”

ಉದ್ದದ ಸ್ವರ ಮುಗಿಯಿತು. ಆ ಖಾಲಿ ಮಾತ್ರೆಯಲ್ಲಿ ಅಕ್ಕ ಹಳೇ ಅಭ್ಯಾಸದಂತೆ ಉಸಿರೆಳೆದುಕೊಂಡದ್ದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಮುಂದಿನ ಸ್ವರವನ್ನು ಯಂತ್ರ ನುಡಿಸಿತು. ಎಳೆದುಕೊಂಡ ಉಸಿರು ಅಕ್ಕನ ಎದೆಯಲ್ಲೇ ಉಳಿಯಿತು.