ಶೀನಪ್ಪನ ಟೋಕನ್

ನೂರೆಂಟು ಸಾಮಾನಿನ ಹೊಳೆಯುವ ಟೂಲ್ ಬಾಕ್ಸನ್ನು ಅಶ್ಮಿತಾ ಆಗಲೇ ಎತ್ತಿಕೊಂಡಿದ್ದಳು. ಶೀನಪ್ಪ ಅದನ್ನು ಮಗಳ ಕೈಯಿಂದ ಮೆಲ್ಲಗೆ ಬಿಡಿಸಿ ಕೌಂಟರಿನ ಮೇಲಿಟ್ಟ. ಒಳಗಿನಿಂದ ಎರಡು ಸ್ಪ್ಯಾನರ್ ತೆಗೆದು, ಒಂದಕ್ಕೊಂದು ತಟ್ಟಿ, ಕಿವಿಯ ಹತ್ತಿರ ಹಿಡಿದ.

"ಇದು ಶೋಕೇಸಿಗೆ ಒಳ್ಳೇದುಂಟು," ಎಂದ. "ಬೋಲ್ಟಿಗೆ ಆಗ್ಲಿಕ್ಕಿಲ್ಲ."

ದುಬೈಯ ದೇರಾದಲ್ಲಿದ್ದ ಆ ಅಂಗಡಿಯ ಮೊಹಮ್ಮದ್ ಕಾಸರಗೋಡಿನವನು. ನಗುತ್ತಲೇ ಒಳಗೆ ಹೋಗಿ ಬೇರೆ ಮಾಲು ತಂದ. ಶೀನಪ್ಪ ಎಂಟರಿಂದ ಹದಿನೇಳು ಮಿಲಿಮೀಟರ್‌ವರೆಗಿನ ಸ್ಪ್ಯಾನರುಗಳನ್ನು ಬಿಡಿಬಿಡಿಯಾಗಿ ಆರಿಸಿದ. ಮಗಳ ಬೈಕಿನ ಹಿಂದಿನ ಚಕ್ರಕ್ಕೆಂದು ಒಂದು ಇಪ್ಪತ್ತನಾಲ್ಕು. ಬಾಯಿ ಹಿಗ್ಗಿಸಿ ಕುಗ್ಗಿಸುವ ಸ್ಪ್ಯಾನರ್ ತೋರಿಸಿದರೆ, ಅದು ನಟ್ಟಿನ ಮೂಲೆ ತಿಂದುಹಾಕುತ್ತದೆ ಎಂದು ಬದಿಗೆ ಸರಿಸಿದ. ಕೊನೆಗೆ ಒಂದು ಟಾರ್ಕ್ ರೆಂಚ್. ಹಿಡಿಯಲ್ಲಿ ಅಂಕಿ ಇಟ್ಟು ತಿರುಗಿಸಿದರೆ, ನಟ್ಟು ಬೇಕಾದಷ್ಟು ಬಿಗಿಯಾದ ಕೂಡಲೇ ಅದು 'ಟಿಕ್' ಅನ್ನುತ್ತದೆ, ಅಲ್ಲಿಗೆ ನಿಲ್ಲಿಸಬೇಕು ಎಂದು ಮಗಳಿಗೆ ವಿವರಿಸಿದ. ಅವಳು ಬಾಯಿ ಬಿಟ್ಟುಕೊಂಡು ಕೇಳಿದಳು.

"ಪಪ್ಪ ದೊಡ್ಡ ಮೆಕ್ಯಾನಿಕ್ ಅಲ್ವಾ?" ಎಂದ ಮೊಹಮ್ಮದ್.

"ಟ್ವೆಂಟಿ ಟೂ ಇಯರ್ಸ್," ಎಂದಳು ಅಶ್ಮಿತಾ. ಶೀನಪ್ಪ ಚೈನಿಗೆ ಹೊಡೆಯುವ ಎಣ್ಣೆಯ ಡಬ್ಬಿ ಎತ್ತಿಕೊಂಡು ಅದರ ಮೇಲೆ ಬರೆದದ್ದನ್ನು ಬಹಳ ಹೊತ್ತು ಓದಿದ.

ಇಪ್ಪತ್ತೆರಡು ವರ್ಷ ನಿಜ. ಆದರೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಕಾರ್ಖಾನೆಯಲ್ಲಿ ಅವನು ಕೂರುವುದು ಟೂಲ್ ಸ್ಟೋರಿನ ಕಿಟಕಿಯ ಹಿಂದೆ. ಫಿಟ್ಟರುಗಳು ಬಂದು ಕೊಕ್ಕೆಗೆ ತಮ್ಮ ನಂಬರಿನ ಹಿತ್ತಾಳೆ ಟೋಕನ್ ಹಾಕುತ್ತಾರೆ, ಇವನು ಟೂಲ್ ಕೊಡುತ್ತಾನೆ. ಟೂಲ್ ವಾಪಸು ಬಂದರೆ ಟೋಕನ್ ವಾಪಸು. ಸ್ಪ್ಯಾನರಿನ ತೂಕ, ಸದ್ದು, ಅಳತೆ ಎಲ್ಲ ಗೊತ್ತು. ಒಂದು ನಟ್ಟನ್ನೂ ತಿರುಗಿಸಿದವನಲ್ಲ. ಮೊದಲ ರಜೆಯಲ್ಲಿ ಊರಿಗೆ ಹೋದಾಗ ಯಾರೋ ಮೆಕ್ಯಾನಿಕ್ ಶೀನಪ್ಪಣ್ಣ ಎಂದರು. ಇವನು ತಿದ್ದಲಿಲ್ಲ. ಮಗಳೂ ಹಾಗೇ ನಂಬಿ ಬೆಳೆದಳು. ನಿಜ ಗೊತ್ತಿದ್ದದ್ದು ಹೆಂಡತಿ ಅಪ್ಪಿಗೆ ಮಾತ್ರ. ಬೆಳಿಗ್ಗೆ ಚಹಾ ಕೊಡುವಾಗ ಅವಳು, ಇವತ್ತು ಉಂಟು ನಿಮಗೆ ಗ್ರಹಚಾರ, ಎಂದಷ್ಟೇ ಹೇಳಿದ್ದಳು.

ಇದ್ದೇ ಇತ್ತು. ಅಶ್ಮಿತಾ ಹಳೇ ಬೈಕ್ ಕೊಂಡು ಒಂದು ತಿಂಗಳು. ಮರುದಿನ ಭಾನುವಾರ ಬೆಳಿಗ್ಗೆ ಆರಕ್ಕೆ ಹೆಂಗಸರ ಬೈಕ್ ಗುಂಪು ಹತ್ತಾದ ಬೆಟ್ಟಗಳ ಕಡೆ ಹೊರಡುವುದಿತ್ತು, ಅವಳಿಗೆ ಮೊದಲ ಸಲ. ಬೈಕಿನ ಚೈನ್ ಸಡಿಲವಾಗಿ ಜೋತುಬಿದ್ದಿತ್ತು. ಗ್ಯಾರೇಜಿನವರು ಮಂಗಳವಾರ ಎಂದಿದ್ದರು. ಮನೆಯಲ್ಲಿ ನನ್ನ ಪಪ್ಪ ಇದ್ದಾರೆ ಎಂದು ಇವಳು ಗುಂಪಿಗೆ ಸಾರಿಬಿಟ್ಟಿದ್ದಳು.

ಅಲ್ ನಹ್ದಾದ ಮನೆಗೆ ಬಂದವನೇ ಶೀನಪ್ಪ ಬಾಲ್ಕನಿಯಲ್ಲಿ ಪ್ಲೈವುಡ್ ಹಲಗೆ ನಿಲ್ಲಿಸಿ, ಪ್ರತಿ ಟೂಲಿನ ಆಕಾರವನ್ನು ಕೆಂಪು ಬಣ್ಣದಲ್ಲಿ ಬರೆದು, ಕೊಕ್ಕೆ ಹೊಡೆದ. ಬೀಗದ ಕೈಗೆ ಕಟ್ಟುವ ಬಿಲ್ಲೆಗಳ ಮೇಲೆ ಮಗಳ ಹೆಸರು ಬರೆದು ಐದು ಟೋಕನ್ ಮಾಡಿದ. ಟೋಕನ್ ಹಾಕದೆ ಟೂಲ್ ಮುಟ್ಟುವ ಹಾಗಿಲ್ಲ ಎಂದ. ಎಷ್ಟಾದರೂ ಹೊತ್ತು ಹೋಗಲಿ ಎಂಬಂತೆ ಆ ಬಣ್ಣವನ್ನು ಎರಡೆರಡು ಸಲ ಬಳಿದ. ಅಶ್ಮಿತಾ ಮಾತ್ರ ಕುಣಿಯುತ್ತಾ ಟೋಕನ್ ಹಾಕಿ, ಬೇಕಾದ್ದನ್ನು ಬಾಚಿಕೊಂಡು ಪಾರ್ಕಿಂಗಿಗೆ ಇಳಿದಳು.

ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಅವಳು ಇಪ್ಪತ್ತನಾಲ್ಕನ್ನು ನಟ್ಟಿಗೆ ಇಟ್ಟಳು. ಸರಿಯಾಗಿ ಕೂತಿತು. "ಪಪ್ಪಾ, ನೋಡದೇ ಹೇಗೆ ಗೊತ್ತಾಯ್ತು? ಇನ್ನು ನೀವು ಮಾಡಿ." ಸ್ಪ್ಯಾನರನ್ನು ಅವನ ಕೈಗಿಟ್ಟಳು.

ಅವನು ಸ್ಪ್ಯಾನರಿನ ಬಾಯಿಯನ್ನು ತನ್ನ ಕಡೆ ತಿರುಗಿಸಿಕೊಂಡ. ಆಮೇಲೆ ಹಿಡಿಯ ಕಡೆ ಮುಂದೆ ಮಾಡಿ, ಕಿಟಕಿಯಾಚೆ ನಿಂತವರಿಗೆ ಕೊಡುವಂತೆ ಅವಳಿಗೇ ಚಾಚಿದ.

"ಮಗಾ, ನಾನು ಮೆಕ್ಯಾನಿಕ್ ಅಲ್ಲ. ಮೆಕ್ಯಾನಿಕ್‌ಗಳಿಗೆ ಇದನ್ನು ಕೊಡುವವ. ಇಷ್ಟೇ ನನಗೆ ಗೊತ್ತಿರುವುದು."

ಅಶ್ಮಿತಾ ಅವನ ಮುಖ ನೋಡಿದಳು. ಚಾಚಿದ ಕೈ ನೋಡಿದಳು. "ನನಗೆ ಅಷ್ಟೂ ಗೊತ್ತಿಲ್ಲ," ಎಂದು ಸ್ಪ್ಯಾನರ್ ತೆಗೆದುಕೊಂಡು, ಫೋನಿನಲ್ಲಿ ಬೈಕಿನ ಪುಸ್ತಕ ತೆರೆದು ಅವನ ಮುಂದೆ ಹಿಡಿದಳು. "ನೀವು ಓದಿ, ನಾನು ತಿರುಗಿಸ್ತೇನೆ. ಯಲ್ಲಾ, ಶುರು ಮಾಡುವ."

ನಟ್ಟು ಸಡಿಲಿಸುವಾಗ ಅವಳ ಮುಖ ಕೆಂಪಾಯಿತು. ಚಕ್ರ ಹಿಂದಕ್ಕೆ ಸರಿಸುವಾಗ ಎರಡೂ ಬದಿಯ ಗೆರೆ ಸಮ ಬರಬೇಕಿತ್ತು. ಎಡಗಡೆ ಕೂದಲೆಳೆಯಷ್ಟು ಹೆಚ್ಚಾದದ್ದು ಕಣ್ಣಳತೆಯಲ್ಲೇ ಶೀನಪ್ಪನಿಗೆ ಸಿಕ್ಕಿತು. ಚೈನ್ ಬಿಗಿಯಾಗಿ ನಿಂತಾಗ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು. ಟಾರ್ಕ್ ರೆಂಚ್ ತರಲು ಇಬ್ಬರೂ ಮೆಟ್ಟಿಲು ಹತ್ತಿದರು. ಅವನು ಹಲಗೆಯತ್ತ ಕೈ ಚಾಚಿದ್ದೇ ಅಶ್ಮಿತಾ ಅಡ್ಡ ನಿಂತಳು.

"ಟೋಕನ್?"

"ನನಗೆ ಎಲ್ಲಿಯ ಟೋಕನ್, ಮಾರಾಯ್ತಿ? ಸ್ಟೋರಿನವನಿಗೆ ಅದು ಇರುವುದೇ ಇಲ್ಲ."

ಅವಳು ತನ್ನ ಟೋಕನ್ ಒಂದನ್ನು ತಿರುಗಿಸಿ, ಹಿಂಬದಿಯಲ್ಲಿ ಅವನ ಹೆಸರು ಬರೆದು ಕೊಟ್ಟಳು. ಅವನು ಅದನ್ನು ಒಮ್ಮೆ ಬೆರಳಲ್ಲಿ ಒರೆಸಿ ಕೊಕ್ಕೆಗೆ ಹಾಕಿದ. ಕೆಳಗೆ ಕೊನೆಯ ಬಿಗಿತ ಅವನದೇ ಆಯಿತು. 'ಟಿಕ್' ಎಂದಾಗ ಕೈಗೆ ಶಾಕ್ ಹೊಡೆದವನಂತೆ ರೆಂಚ್ ಬಿಟ್ಟ. ಆಮೇಲೆ, ನಿನಗೂ ಕೇಳಿತಲ್ಲ, ಎಂದು ಮೂರು ಸಲ ಕೇಳಿದ.

ಮರುದಿನ ಆರಕ್ಕೆ ಬೈಕ್ ಹೊರಟಿತು. ಏಳಕ್ಕೆ ಅಪ್ಪಿ ಚಹಾ ಹಿಡಿದು ಬಾಲ್ಕನಿಗೆ ಬಂದರೆ ಗಂಡ ಇಲ್ಲ. ಹಲಗೆಯಲ್ಲಿ ರೆಂಚಿನ ಕೆಂಪು ಗೆರೆ ಖಾಲಿ, ಅದರ ಕೊಕ್ಕೆಯಲ್ಲಿ ಅವನ ಟೋಕನ್. ಅವಳು ಕೆಳಗೆ ಬಗ್ಗಿ ನೋಡಿದಳು. ತಮ್ಮ ಕಾರಿನ ನಾಲ್ಕೂ ಚಕ್ರದ ನಟ್ಟು ಬಿಗಿದು ಮುಗಿಸಿ ಶೀನಪ್ಪ ಈಗ ಪಕ್ಕದ ಮನೆಯ ಪಾಯ್ಸರ ಕಾರಿನ ಬಳಿ ಕುಳಿತಿದ್ದ. ಲುಂಗಿಯುಟ್ಟ ಪಾಯ್ಸರು ಮೊಣಕಾಲಿಗೆ ಕೈ ಊರಿ ಬಾಗಿ ನಿಂತಿದ್ದರು.

"ನೀವು ಮೆಕ್ಯಾನಿಕ್ ಅಂತ ಗೊತ್ತೇ ಇರಲಿಲ್ಲ, ಶೀನಪ್ಪಣ್ಣ."

"ಅಲ್ಲ, ಸ್ಟೋರ್ ಕೀಪರ್," ಎಂದು ತಿದ್ದಿ, ಶೀನಪ್ಪ ಮುಂದಿನ ನಟ್ಟಿಗೆ ರೆಂಚ್ ಇಟ್ಟ.

ಟಿಕ್.