ಮೆತ್ತನೆಯ ಬಟ್ಟೆ

ಯೋಗೇಶ ಎಂಜಿನ್ನಿನಿಂದ ಆಯಿಲ್ ಅಳೆಯುವ ಕಡ್ಡಿ ಎಳೆದು ಒರೆಸಿದ. ಬಟ್ಟೆಯ ಮೇಲೆ ಕಪ್ಪು ಗೆರೆ ಮೂಡಿತು. ಕಾಫಿ ತಂದ ಅವನ ಹೆಂಡತಿ ರೂಪ ಆ ಬಟ್ಟೆಯ ಹಸಿರು ಚೌಕುಳಿ ಕಂಡು ಹಾಗೇ ನಿಂತಳು. ಅದು ಅವಳವ್ವ ಇಂದ್ರಮ್ಮನ ಸೀರೆ.

ಹುಟ್ಟಿದ ಮಗುವನ್ನು ಮೊದಲು ಅಜ್ಜಿ ಉಟ್ಟು ಸವೆದ ಸೀರೆಯಲ್ಲೇ ಸುತ್ತಬೇಕು, ಹೊಸ ಬಟ್ಟೆ ಎಳೆ ಮೈಯನ್ನು ತರಚುತ್ತದೆ ಎಂದು ಅವ್ವ ಮದುವೆಯ ವರ್ಷವೇ ಅದನ್ನು ತವರೂರು ಹೊಳಲಿನಿಂದ ಕಳಿಸಿದ್ದಳು. ಅವ್ವ ಹೋದಳು, ಮಗು ಬರಲಿಲ್ಲ. ರೂಪ ಮಾತ್ರ ಪ್ರತಿ ಯುಗಾದಿಗೂ ಸೀರೆಯನ್ನು ಒಗೆದು, ಮಡಿಸಿ ಬೀರುವಿನಲ್ಲಿಡುತ್ತಿದ್ದಳು.

“ಹರುದ್ಬುಟ್ರಾ?”

“ಅರ್ದ ಅಸ್ಟೇಯ ಕಣಮ್ಮಿ. ಬ್ಯಾರೆ ಬಟ್ಟೇಲಿ ಒರುಸುದ್ರೆ ಪೇಂಟ್ ಮ್ಯಾಲೆ ಗೀರು ಬೀಳ್ತದೆ.” ಯೋಗೇಶ ಇನ್ನೊಂದು ತುಂಡಿನಿಂದ ತನ್ನ ಹಳೆಯ ಕೆಂಪು ಸ್ಪೋರ್ಟ್ಸ್ ಕಾರಿನ ಮೈ ಸವರಿದ. ಮದ್ದೂರಿನ ಯಾವ ಮೆಕ್ಯಾನಿಕ್ಕನ್ನೂ ಅದರ ಹತ್ತಿರ ಬಿಡದೆ ಭಾನುವಾರವೆಲ್ಲ ತಾನೇ ರಿಪೇರಿಗೆ ಕೂರುತ್ತಿದ್ದ. ಅವಳು ಕದಲದ್ದು ಕಂಡು ರೇಗಿದ. “ಸುಮ್ನೆ ಬಿದ್ದಿತ್ತು. ಯಾರ್ಗೆ ಸುತ್ತಬೇಕಿತ್ತು ಅದ?”

ರೂಪ ಕಾಫಿ ಲೋಟ ಕೆಳಗಿಟ್ಟು, ಒಳಗೆ ಹೋಗಿ ಉಳಿದರ್ಧ ಸೀರೆ ತಂದಳು. ಬಾನೆಟ್ ಮುಚ್ಚಿ, ಅದರ ಮೇಲೆ ಸೀರೆ ಹೊದಿಸಿ, ಅಂಚುಗಳನ್ನು ಎರಡೂ ಕಡೆಯಿಂದ ಒಳಕ್ಕೆ ಮಡಚತೊಡಗಿದಳು.

“ಮೆತ್ತಗೆ ಕಣೇ!” ಯೋಗೇಶ ಗಾಬರಿಯಾಗಿ ಕೂಗಿದ. “ನಿನ್ ಬಳೆ ತಾಕಿ ಗೀರಾಗೋಯ್ತದೆ.”

ರೂಪ ಗಾಜಿನ ಬಳೆಗಳನ್ನು ಒಂದೊಂದಾಗಿ ಕಳಚಿ, ಅವನ ಸ್ಪ್ಯಾನರುಗಳ ಪಕ್ಕದಲ್ಲಿಟ್ಟಳು.